ಉಳಿಸಿದವನಿಗೆ 97 ಯೂನಿಟ್

ಇಷ್ಟು ವರ್ಷ ಮನೆಯೊಳಗೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ಓಡಾಡಿ ನಾನು ಮಾಡಿದ ಉಳಿತಾಯಕ್ಕೆ ಸರ್ಕಾರ ಕಟ್ಟಿದ ಬೆಲೆ ತಿಂಗಳಿಗೆ 97 ಯೂನಿಟ್. ಎದುರು ಮನೆಯವರು ಮಾಡಿದ ದುಂದಿಗೆ ಕಟ್ಟಿದ ಬೆಲೆ 198. ಇದನ್ನು ಹೊಟ್ಟೆಕಿಚ್ಚು ಅನ್ನುವವರು ದಯವಿಟ್ಟು ಲೆಕ್ಕ ನೋಡಬೇಕು. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವನು. ನನ್ನ ಹೊಟ್ಟೆ ಉರಿದರೂ ಅಂಕಿ ಅಂಶ ಸಮೇತ ಉರಿಯುತ್ತದೆ.

ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದದ್ದು 2023ರಲ್ಲಿ. ಜುಲೈ ತಿಂಗಳ ಬಳಕೆಗೆ ಆಗಸ್ಟಿನಲ್ಲಿ ಸೊನ್ನೆ ಬಿಲ್ಲು ಬರುತ್ತದೆ ಅಂದಾಗ, ತಿಂಗಳಿಗೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ಮೈಸೂರಿನ ನಮ್ಮ ಬೀದಿಯೆಲ್ಲ ನಂಬಿತ್ತು. ಷರತ್ತು ಓದಿದವನು ನಾನೊಬ್ಬನೇ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿದರೆ ಬರುವಷ್ಟು ಮಾತ್ರ ಪುಕ್ಕಟೆ. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಆಮೇಲೆ 48 ಯೂನಿಟ್‌ಗಿಂತ ಕಮ್ಮಿ ಸರಾಸರಿ ಇದ್ದವರ ಮೇಲೆ ಕನಿಕರ ಬಂದು, ಅವರಿಗೆ ನೂರಕ್ಕೆ ಹತ್ತರ ಬದಲು ಇಡಿಯಾಗಿ ಹತ್ತು ಯೂನಿಟ್ ಕೊಟ್ಟರು. ನಮ್ಮದು 88. ಕನಿಕರಕ್ಕೆ ಹೆಚ್ಚಾಯಿತು, ಸುಖಕ್ಕೆ ಕಮ್ಮಿಯಾಯಿತು.

ಆ 2022-23 ನನ್ನ ಆಡಳಿತದ ಸುವರ್ಣಯುಗ. ಹಾಲಿನ ಒಂದೇ ಫ್ಯಾನಿನಡಿ ನಾಲ್ಕು ಹಾಸಿಗೆ. ಗೀಸರ್ ದಿನ ಬಿಟ್ಟು ದಿನ. ಇಸ್ತ್ರಿ ಭಾನುವಾರ ಮಾತ್ರ, ಅದೂ ಕಾಲರ್ ಮತ್ತು ಎದೆಭಾಗಕ್ಕೆ; ಬೆನ್ನನ್ನು ಯಾರು ನೋಡುತ್ತಾರೆ? ಎದುರು ಮನೆಯಲ್ಲಿ ಪೋರ್ಟಿಕೋ ದೀಪ ಬೆಳಗಿನ ಹಾಲಿನವನು ಬಂದು ಹೋದ ಮೇಲೂ ಉರಿಯುತ್ತಿತ್ತು. ಅವರದು ಸರಾಸರಿ 180. ಸರ್ಕಾರ ಎರಡೂ ಮನೆಯ ಲೆಕ್ಕ ತೆಗೆದು, ಯಾರು ಹೇಗಿದ್ದರೋ ಹಾಗೇ ಇರಲಿ ಎಂದು ಆಶೀರ್ವದಿಸಿಬಿಟ್ಟಿತು.

"ಆ ಏಪ್ರಿಲ್‌ನಲ್ಲಿ ನಾನು ಬೀಸಣಿಗೆ ಹಿಡ್ಕೊಂಡು ಮಲಗಿದ್ದೆ, ನೆನಪಿದೆಯಾ ರೀ?" ಅಂದಳು ಹೆಂಡತಿ. "ಅವತ್ತು ಎಲ್ಲಾ ರೂಮಲ್ಲೂ ಫ್ಯಾನ್ ಹಾಕೋಕೆ ಬಿಟ್ಟಿದ್ರೆ ಇವತ್ತು ಪುಕ್ಕಟೆ ಗಾಳಿ ಬರ್ತಿತ್ತು."

"ಯೋಜನೆ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಅದು ಅರ್ಥಶಾಸ್ತ್ರ ಆಗಲ್ಲ ಕಣೇ, ಜಾತಕ ಆಗುತ್ತೆ."

"ಜಾತಕ ನೋಡಿಸಿಯೇ ನಿಮಗೆ ಕೊಟ್ಟಿದ್ದು. ಅದರಲ್ಲೂ ಇದು ಬರೆದಿರಲಿಲ್ಲ."

ಈಗ ಮಗಳ ಲ್ಯಾಪ್‌ಟಾಪ್ ಬಂದಿದೆ, ವಾಷಿಂಗ್ ಮಷೀನ್ ಬಂದಿದೆ, ಅಮ್ಮನ ಧಾರಾವಾಹಿಗಳು ಸಂಜೆ ಆರಕ್ಕೆ ಶುರುವಾಗಿ ಮಲಗುವ ತನಕ ನಡೆಯುತ್ತವೆ. ಮನೆ ತಿಂಗಳಿಗೆ 130 ಯೂನಿಟ್ ಆಸುಪಾಸು ಎಳೆಯುತ್ತದೆ. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ ಇನ್ನೂರು ಚಿಲ್ಲರೆ ಕಟ್ಟಬೇಕು. ಇನ್ನೂರು ರೂಪಾಯಿ ನನಗೆ ದೊಡ್ಡದಲ್ಲ. ಎದುರು ಮನೆಗೆ ಸೊನ್ನೆ ಅನ್ನುವುದು ದೊಡ್ಡದು.

ಹಾಗಾಗಿ ಯುದ್ಧ ಘೋಷಿಸಿದೆ. ಯುದ್ಧ ಅಂದರೆ ಲೈಟು ಆರಿಸುವುದು. ಮಗಳು ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಅವಳ ಕೋಣೆ ಕತ್ತಲು. ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕಿ ಕರಿಬೇವಿಗೆ ಹಿತ್ತಲಿಗೆ ಹೋದರೆ ಅಡುಗೆಮನೆ ಕತ್ತಲು. ಸಾಸಿವೆ ಕತ್ತಲಲ್ಲೂ ಸಿಡಿಯುತ್ತದೆ ಎಂಬುದು ಹಾಗೆ ಕಂಡುಕೊಂಡ ಸತ್ಯ. ನಮ್ಮ ಮನೆಯ ಬಚ್ಚಲಿನ ಸ್ವಿಚ್ಚು ಹೊರಗಡೆ ಇರುವುದು ಈ ಕೆಲಸಕ್ಕೆ ಬಹಳ ಅನುಕೂಲ. ಹೆಂಡತಿಯ ಚಿಕ್ಕಮ್ಮ ಊರಿಂದ ಬಂದಿದ್ದಾಗ ಬಚ್ಚಲಲ್ಲಿ ಯಾವ ಸದ್ದೂ ಕೇಳಲಿಲ್ಲವೆಂದು ವಾಡಿಕೆಯಂತೆ ಆರಿಸಿದೆ. ಒಳಗಿಂದ "ಯಾರಪ್ಪಾ ಅದೂ!" ಎಂದು ಕೂಗು ಬಂತು.

"ಕರೆಂಟ್ ಹೋಗಿದೆ ಚಿಕ್ಕಮ್ಮ," ಅಂದೆ. ಹಾಲಿನಲ್ಲಿ ಟಿವಿ ಜೋರಾಗಿ ಹಾಡುತ್ತಿತ್ತು. ಆಮೇಲೆ ಚಿಕ್ಕಮ್ಮ ನಮ್ಮ ಮನೆಗೆ ಬಂದರೆ ಟಾರ್ಚ್ ತರುತ್ತಾರೆ.

ಭಾನುವಾರ ಸಂಜೆ ಮನೆಯವರೆಲ್ಲ ನನ್ನನ್ನು ಅರಮನೆ ದೀಪಾಲಂಕಾರ ನೋಡಲು ಎಳೆದುಕೊಂಡು ಹೋದರು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹತ್ತಿಕೊಂಡಾಗ ಜನ "ಓ" ಎಂದರು. ನಾನೂ "ಓ" ಎಂದೆ, ಬೇರೆ ಕಾರಣಕ್ಕೆ. ಬಲ್ಬಿಗೆ 15 ವಾಟ್ ಎಂದಿಟ್ಟುಕೊಂಡರೂ ಗಂಟೆಗೆ 1,500 ಯೂನಿಟ್. ಅಂದರೆ ನನ್ನ ತಿಂಗಳ 97 ಯೂನಿಟ್ಟನ್ನು ಅರಮನೆ ನಾಲ್ಕು ನಿಮಿಷದೊಳಗೆ ಮುಗಿಸುತ್ತದೆ. ಬ್ಯಾಂಡಿನವರು ನುಡಿಸುತ್ತಿದ್ದ ಒಂದು ಹಾಡಿಗೂ ಸಾಲದು. ಇದನ್ನು ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೆ ವಿವರಿಸಿದೆ. ಅವರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇರೆ ಕಡೆ ಹೋದರು.

"ಅಪ್ಪಾ," ಅಂದಳು ಮಗಳು, "ಸ್ವಿಚ್ಚು ಎಲ್ಲಿದೆ ಅಂತ ವಿಚಾರಿಸಲಾ?"

ಮನೆಯಲ್ಲಿ ನನಗೆ ಸಿಗದೆ ಉಳಿದಿದ್ದ ದೀಪ ಒಂದೇ: ದೇವರಮನೆಯ ಕೆಂಪು ಜೀರೋ ಬಲ್ಬು. ಹಗಲೂ ರಾತ್ರಿ ಉರಿಯುತ್ತಿತ್ತು. ಅಮ್ಮನ ವಾದ ಸರಳ. "ಅದು ಜೀರೋ ಬಲ್ಬು ಕಣೋ. ಕರೆಂಟೇ ತಗೊಳ್ಳಲ್ಲ ಅದು. ಕಂಪನಿಯವನೇ ಹಾಗಂತ ಬರೆದಿದ್ದಾನೆ."

ಹಳೇ ಕಾಲದ ಆ ಪುಟ್ಟ ಬಲ್ಬು ಸೊನ್ನೆಯಲ್ಲ, 15 ವಾಟ್ ತಿನ್ನುತ್ತದೆ. ದಿನಕ್ಕೆ ಇಪ್ಪತ್ನಾಲ್ಕು ಗಂಟೆಯಂತೆ ತಿಂಗಳಿಗೆ ಹತ್ತೂ ಮುಕ್ಕಾಲು ಯೂನಿಟ್. ಅರ್ಧ ವಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಇದನ್ನು ಕಾಗದದಲ್ಲಿ ಬರೆದು ತೋರಿಸಿದೆ. ಅಮ್ಮ ಕಾಗದವನ್ನು ಗಣಪತಿಯ ಮುಂದಿಟ್ಟು, "ಅವನನ್ನೇ ಕೇಳು, ಅವನು ಒಪ್ಪಿದರೆ ಬದಲಾಯಿಸು," ಅಂದರು. ಕಾಗದ ಇವತ್ತಿಗೂ ಅಲ್ಲೇ ಇದೆ. ಅದರ ಮೇಲೆ ಕುಂಕುಮ ಬಿದ್ದು 15 ಯಾವುದು 5 ಯಾವುದು ಗೊತ್ತಾಗುವುದಿಲ್ಲ.

ನನ್ನ ಹೋರಾಟದ ಬುಡಕ್ಕೇ ಕೈ ಹಾಕಿದವಳು ಮಗಳು. ಇಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಇದೊಂದು ಕಷ್ಟ. "ಅಪ್ಪಾ, ಮೀಟರ್ ಹತ್ರ ಬಾ," ಅಂದು ರಾತ್ರಿ ಊಟವಾದ ಮೇಲೆ ಹೊರಗೆ ಕರೆದಳು. ಒಳಗೆ ಹೆಂಡತಿಗೆ ಹೇಳಿ ಫ್ರಿಜ್ಜು, ಟಿವಿ, ಸೆಟ್‌ಟಾಪ್ ಬಾಕ್ಸು, ಯುಪಿಎಸ್ಸು ಎಲ್ಲ ಬಂದ್ ಮಾಡಿಸಿದಳು. ಹಾಲಿನ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಮಾತ್ರ ಉರಿಯುತ್ತಿತ್ತು.

ಮೀಟರಿನ ಮುಖದ ಮೇಲೆ ಒಂದು ಕೆಂಪು ಚುಕ್ಕೆ ದೀಪ ಇರುತ್ತದೆ. ಅದರ ಪಕ್ಕದಲ್ಲಿ ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು ಸಣ್ಣದಾಗಿ ನಮ್ಮ ಮೀಟರಿನಲ್ಲಿ 3200 ಎಂದು ಬರೆದಿದೆ. ಆ ಚುಕ್ಕೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ನಾವಿಬ್ಬರೂ ಟಾರ್ಚ್ ಹಿಡಿದು ಕಾದೆವು. ಸೊಳ್ಳೆ ಕಚ್ಚಿತು. ಬೀದಿಯಲ್ಲಿ ಒಂದು ಆಟೋ ಬಂದು, ಚಿಲ್ಲರೆಗೆ ಜಗಳವಾಗಿ, ಹೋಯಿತು. ಚುಕ್ಕೆ ಮಿಣುಕಲಿಲ್ಲ. "ಕೆಟ್ಟಿರಬೇಕು," ಅಂದೆ ಆಸೆಯಿಂದ. ಅಷ್ಟರಲ್ಲಿ ಒಂದೇ ಒಂದು ಸಲ ಮಿಣುಕಿ ಸುಮ್ಮನಾಯಿತು.

"ಎರಡು ನಿಮಿಷಕ್ಕೆ ಒಂದು," ಅಂದಳು ಮಗಳು. "ಈಗ ನೋಡು. ಅಮ್ಮಾ, ಗೀಸರ್ ಹಾಕು!"

ಒಳಗೆ ಸ್ವಿಚ್ಚು ಟಕ್ಕೆಂದಿತು. ಚುಕ್ಕೆಗೆ ಹುಚ್ಚು ಹಿಡಿಯಿತು. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ. ಎಣಿಸಲು ಹೋದ ನನ್ನ ನಾಲಿಗೆ ನಲವತ್ತರ ಹತ್ತಿರ ಸಿಕ್ಕಿಕೊಂಡಿತು.

ಆಮೇಲೆ ಅಂಗಳದಲ್ಲೇ ಪಾಠ ನಡೆಯಿತು. ಗೀಸರ್ 2,000 ವಾಟ್, ಬಲ್ಬು 9. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 0.6 ಯೂನಿಟ್ ಬೇಕೇ ಬೇಕು. ಅದು ನೀರಿನ ಗುಣ, ಗೀಸರ್ ಯಾವ ಕಂಪನಿಯದಾದರೂ ಬಿಡುವುದಿಲ್ಲ. ಅದೇ 0.6 ಯೂನಿಟ್‌ನಲ್ಲಿ ಈ ಬಲ್ಬು ಹಗಲೂ ರಾತ್ರಿ ಎರಡೂ ಮುಕ್ಕಾಲು ದಿನ ಉರಿಯುತ್ತದೆ. "ನೀನು ನಾನು ನೀರು ಕುಡಿಯೋಕೆ ಹೋದಾಗೆಲ್ಲ ಲೈಟ್ ಆರಿಸ್ತೀಯಲ್ಲ, ಇಡೀ ವರ್ಷ ಆರಿಸಿದರೂ ನಿನ್ನ ನಾಲ್ಕೈದು ಸ್ನಾನಕ್ಕೆ ಸಾಲದು ಅಪ್ಪ."

"ಹಾಗಾದರೆ ಸ್ನಾನ ನಿಲ್ಲಿಸಲಾ?"

"ಬೇಡಿ," ಎಂದು ಒಳಗಿಂದ ಹೆಂಡತಿಯ ದನಿ ಬಂತು. "ಬೇರೆ ಏನಾದ್ರೂ ನಿಲ್ಲಿಸಿ."

ಬಿಸಿ ಮಾಡುವುದು, ತಣ್ಣಗೆ ಮಾಡುವುದು, ಮೋಟರ್ ತಿರುಗಿಸುವುದು: ಮನೆಯ ಬಿಲ್ಲೆಲ್ಲ ಈ ಮೂರರಲ್ಲಿ ಕೂತಿದೆ ಅನ್ನುವುದು ಮಗಳ ಸಿದ್ಧಾಂತ. ವಿಜ್ಞಾನವಾಗಿ ಅದು ಸರಿಯಿರಬಹುದು. ಆದರೆ ಸಂಸಾರ ನಡೆಸುವವನ ಕಷ್ಟ ವಿಜ್ಞಾನಕ್ಕೆ ಗೊತ್ತಿಲ್ಲ. ಲೈಟು ಕಣ್ಣಿಗೆ ಕಾಣುತ್ತದೆ. ಅದನ್ನು ಹಾಕಿದವರು ಯಾರೆಂದು ಗೊತ್ತಿರುತ್ತದೆ. ಹೋಗಿ ಬೈಯಬಹುದು, ಬೈದ ಮೇಲೆ ಆರಿಸಬಹುದು, ಆರಿಸಿದ ಮೇಲೆ ನಿಟ್ಟುಸಿರು ಬಿಡಬಹುದು. ಫ್ರಿಜ್ಜಿನ ಕಂಪ್ರೆಸರ್‌ಗೆ ಏನೆಂದು ಬೈಯುವುದು? ಸಂಪಿನ ಪಕ್ಕದ ಮೋಟರ್ ಮುಂದೆ ನಿಂತು "ನಿನಗೆ ಜವಾಬ್ದಾರಿ ಇಲ್ಲವಾ" ಅಂದರೆ ಬೀದಿಯವರು ಏನೆಂದುಕೊಂಡಾರು? ಯಜಮಾನಿಕೆಗೆ ಬೇಕಾದ ಸಾಮಗ್ರಿ ಒಂಬತ್ತು ವಾಟಿನ ಬಲ್ಬಿನಲ್ಲಿ ಸಿಗುವಷ್ಟು ಒಂದು ಎಚ್‌ಪಿ ಮೋಟರಿನಲ್ಲಿ ಸಿಗುವುದಿಲ್ಲ.

ಆ ಮೋಟರ್ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಬೆಳಗ್ಗೆ ಅದನ್ನು ಹಾಕುವುದು ನನ್ನ ಖಾತೆ. ಹಾಕಿ, ಟ್ಯಾಂಕು ತುಂಬುವಷ್ಟರಲ್ಲಿ ಒಂದು ಸುತ್ತು ಲೈಟ್ ತಪಾಸಣೆ ಮುಗಿಸಿ ಬರುವುದು ಪದ್ಧತಿ. ತಪಾಸಣೆಯಲ್ಲಿ ಯಾರಾದರೂ ಸಿಕ್ಕಿಬಿದ್ದರೆ ವಿಚಾರಣೆ ಸ್ವಲ್ಪ ಉದ್ದವಾಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ, "ಸಾರ್, ಟ್ಯಾಂಕ್ ತುಂಬಿ ನಮ್ಮ ಗೋಡೆ ಮೇಲೆ ಸುರೀತಿದೆ," ಎಂದು ಕೂಗುತ್ತಾರೆ. ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಕಂಟ್ರೋಲರ್ ಹಾಕಿಸೋಣ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಪಕ್ಕದ ಮನೆಯವರು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ದುಡ್ಡು ಯಾಕೆ ಅನ್ನುವುದು ನನ್ನ ನಿಲುವು.

ಇನ್ನು ಫ್ರಿಜ್ಜು. ಅದರ ಬಗ್ಗೆ ಮಾತಾಡುವಾಗ ನಾನು ದನಿ ತಗ್ಗಿಸುತ್ತೇನೆ, ಅದು ನಮ್ಮ ಮಾವನವರು ಗೃಹಪ್ರವೇಶಕ್ಕೆ ಕೊಟ್ಟದ್ದು. ವಿದ್ಯುತ್ ಉಪಕರಣಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸುವ ಪದ್ಧತಿ ಬಂದದ್ದು 2006ರಲ್ಲಿ. ಮಾವನವರ ಫ್ರಿಜ್ಜು ಅದಕ್ಕೂ ಹಿಂದಿನದು, ನಕ್ಷತ್ರ ಹುಟ್ಟುವ ಮೊದಲಿನ ಸೃಷ್ಟಿ. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ನೋಡಲು ಒಂದು ಉಪಾಯ ಇದೆ: ಬಾಗಿಲ ಸಂದಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಬಿಗಿಯಾಗಿ ಹಿಡಿದರೆ ರಬ್ಬರ್ ಚೆನ್ನಾಗಿದೆ, ಸಲೀಸಾಗಿ ಬಂದರೆ ತಂಪು ಸೋರುತ್ತಿದೆ. ಹತ್ತರ ನೋಟು ಸಿಕ್ಕಿಸಿದೆ. ಎಳೆಯುವ ಮೊದಲೇ ಜಾರಿ ಕೆಳಗೆ ಬಿತ್ತು.

"ನೋಡಿದೆಯಾ, ನಿಮ್ಮಪ್ಪನ ಫ್ರಿಜ್ಜು?"

"ಹತ್ತರ ನೋಟಿಗೆ ಅದು ಯಾಕೆ ಬಾಯಿ ಮುಚ್ಚುತ್ತೆ? ಐನೂರರದ್ದು ಇಟ್ಟು ನೋಡಿ. ನೀವೇ ಬಾಗಿಲು ಒತ್ತಿ ಹಿಡ್ಕೋತೀರ."

ಗೀಸರ್, ಫ್ಯಾನು, ಮೋಟರು, ಫ್ರಿಜ್ಜು ಎಲ್ಲದಕ್ಕೂ ಒಂದೇ ಏಟಿಗೆ ಮದ್ದು ಅರೆಯಬೇಕೆಂದು ನನ್ನ ಕಣ್ಣು ಮಾಳಿಗೆಯ ಕಡೆ ಹೋಯಿತು. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಗಿದೆ. ಮಾಳಿಗೆ ಮೇಲೆ ಒಂದು ಕಿಲೋವಾಟ್ ಸೋಲಾರ್ ಹಾಕಿದರೆ 30,000 ರೂಪಾಯಿ ಸಬ್ಸಿಡಿ, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲೆ ಎಷ್ಟೇ ಹಾಕಿದರೂ 78,000. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಹಾಕಿದರೆ ತಿಂಗಳಿಗೆ 240 ಯೂನಿಟ್. ನಾನೇ ವಿದ್ಯುತ್ ನಿಗಮಕ್ಕೆ ಕರೆಂಟ್ ಮಾರುತ್ತೇನೆ! ಬಿಲ್ಲು ಕೊಡಲು ಬಂದ ಮೀಟರ್ ರೀಡರ್ ಕೈಗೆ ನಾನೊಂದು ಬಿಲ್ಲು ಕೊಡುವ ದೃಶ್ಯವನ್ನು ಕಣ್ಣ ಮುಂದೆ ತಂದುಕೊಂಡು ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಅರ್ಜಿ ಹಾಕಲು ಕೂತಾಗ ಮೊದಲನೇ ಖಾನೆಯಲ್ಲೇ ನಿಂತೆವು. ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ನಮ್ಮ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ಬಹಳ ಕಾಲವಾದರೂ ಬಿಲ್ಲು ಅವರ ಹೆಸರಿಗೇ ಬರುತ್ತಿತ್ತು, ಅವರಂತೂ ಒಂದು ತಿಂಗಳೂ ತಪ್ಪಿಸದೆ ನನ್ನ ಕೈಯಲ್ಲಿ ಕಟ್ಟಿಸುತ್ತಿದ್ದರು. ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ನನ್ನ ಆಧಾರ್ ಕೊಟ್ಟದ್ದೇ ನಡೆದಿತ್ತು. ಸೂರ್ಯನಿಗೆ ನಡೆಯಲಿಲ್ಲ. ಬಿಲ್ಲಿನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಎರಡೂ ಹೊಂದಬೇಕಲ್ಲ. ಹೆಸರು ಬದಲಾವಣೆಗೆ ಹೋದರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಖಾತಾ, ಜೊತೆಗೆ ಒಡಹುಟ್ಟಿದವರಿಂದ ತಕರಾರಿಲ್ಲ ಎಂಬ ಒಪ್ಪಿಗೆ ಪತ್ರ ಸ್ಟಾಂಪ್ ಪೇಪರಿನಲ್ಲಿ ಬೇಕು ಅಂದರು. ಸೂರ್ಯನನ್ನು ಕರೆಯಲು ಹೋದವನು ಶಿವಮೊಗ್ಗದ ತಮ್ಮನನ್ನೂ ಹಾಸನದ ತಂಗಿಯನ್ನೂ ಕರೆಯಬೇಕಾಯಿತು.

"ಮೀಟರ್ ಮಾತ್ರ ತಾನೇ ಅಣ್ಣ, ನಿನ್ನ ಹೆಸರಿಗೆ?" ಅಂದ ತಮ್ಮ. ಬಹಳ ಪ್ರೀತಿಯಿಂದಲೇ ಕೇಳಿದ. ಆದರೆ ಫೋನಿನಲ್ಲಿ ಅವನ ಹೆಂಡತಿ ಹಿಂದಿನಿಂದ ಏನೋ ಹೇಳಿಕೊಡುತ್ತಿದ್ದದ್ದು ಕೇಳುತ್ತಿತ್ತು.

ತಂಗಿ ಇನ್ನೂ ಸ್ಪಷ್ಟವಾಗಿದ್ದಳು. "ಧಾರಾಳವಾಗಿ ಹಾಕ್ಕೋ ಅಣ್ಣ. ಅಪ್ಪನ ಮನೆ ಮೇಲೆ ಬೀಳೋ ಬಿಸಿಲು ಮೂರು ಜನಕ್ಕೂ ಸೇರಿದ್ದು ಅನ್ನೋದೊಂದು ನೆನಪಿಟ್ಕೋ ಅಷ್ಟೆ."

ಕೊನೆಗೆ ಎಲ್ಲರೂ ಒಪ್ಪಿದ ಹೆಸರು ಅಮ್ಮನದು. ಅಮ್ಮ ಆರ್‌ಆರ್ ನಂಬರ್ ಅಂದರೇನೆಂದು ಕೇಳಿ ತಿಳಿದುಕೊಂಡು, ಕನ್ನಡಕ ಹಾಕಿಕೊಂಡು, ಮೂರು ಕಡೆ ರುಜು ಹಾಕಿದರು. "ಇನ್ನು ಮೇಲೆ ಕೆಇಬಿಯವರು ನನ್ನ ಹೆಸರು ಬರೀತಾರಾ?" ಅಂತ ಎರಡೆರಡು ಸಲ ಕೇಳಿದರು. ಕೆಇಬಿ ಹೋಗಿ ನಿಗಮಗಳಾಗಿ ಇಪ್ಪತ್ತು ವರ್ಷದ ಮೇಲಾಯಿತು ಅನ್ನುವುದು ಅಮ್ಮನಿಗೆ ಇನ್ನೂ ತಲುಪಿಲ್ಲ.

ಮಾಳಿಗೆ ಅಳೆಯಲು ಸೋಲಾರ್ ಅಂಗಡಿಯ ಹುಡುಗ ಟೇಪು ಹಿಡಿದು ಬಂದ. ಒಂದು ಕಿಲೋವಾಟ್‌ಗೆ ಸುಮಾರು ನೂರು ಚದರ ಅಡಿ ಬೇಕು. ಅದರ ಮೇಲೆ ನೆರಳು ಬೀಳಬಾರದು. ಸಾಲಿನ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಉಳಿದವೂ ಸೊರಗುತ್ತವೆ. ಟ್ಯಾಂಕು, ಮೆಟ್ಟಿಲ ಮೇಲಿನ ಕೋಣೆ, ಪಕ್ಕದವರ ತೆಂಗಿನ ಗರಿ ಎಲ್ಲ ಕಳೆದು ಹುಡುಗ ದಕ್ಷಿಣದ ಮೂಲೆಗೆ ಹೋಗಿ ನಿಂತ. ಅಲ್ಲಿ ಹಳೇ ಪಂಚೆಯ ಮೇಲೆ ಅರಳು ಸಂಡಿಗೆ ಒಣಗುತ್ತಿತ್ತು. ಕಾವಲಿಗೆ ಅಮ್ಮ ಕೊಡೆ ಹಿಡಿದು ಕೂತಿದ್ದರು, ಕೊಡೆಯ ಕಡ್ಡಿಗೆ ಕಾಗೆ ಓಡಿಸುವ ಕಪ್ಪು ಬಟ್ಟೆ ಕಟ್ಟಿಕೊಂಡು.

"ಅಜ್ಜಿ, ಇಡೀ ಮಾಳಿಗೆಯಲ್ಲಿ ಇದೇ ಬೆಸ್ಟ್ ಜಾಗ. ಬೆಳಗ್ಗೆಯಿಂದ ಸಂಜೆ ತನಕ ಬಿಸಿಲು."

"ಗೊತ್ತಿಲ್ಲದೇನೇ ಮನೆ ಕಟ್ಟಿದಾಗಿಂದ ಇಲ್ಲಿ ಸಂಡಿಗೆ ಇಡ್ತಾ ಇದ್ದೀನಾ?"

"ಎಂಟಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಹಾಕಿ ಅದರ ಮೇಲೆ ಕೂರಿಸಬಹುದು. ಸ್ವಲ್ಪ ಹೆಚ್ಚಿಗೆ ಆಗುತ್ತೆ."

"ಆಗ ಕೆಳಗೆ?"

"ಕೆಳಗೆ ಒಳ್ಳೇ ನೆರಳು, ಅಜ್ಜಿ."

ಅಮ್ಮ ಹುಡುಗನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ನೆರಳಿನಲ್ಲಿ ಸಂಡಿಗೆ ಒಣಗಿಸುವ ಸೊಸೆಗೂ ಮಗನಿಗೂ ಏನೆನ್ನುತ್ತಾರೋ ಅದನ್ನೆಲ್ಲ ಆ ನೋಟದಲ್ಲೇ ಹೇಳಿ ಮುಗಿಸಿದರು. ಹುಡುಗ ಟೇಪು ಸುತ್ತಿದ.

ನಿಜ ಹೇಳಬೇಕೆಂದರೆ ಸಂಡಿಗೆ ನನ್ನ ಮಾನ ಉಳಿಸಿತು. ಆ ಹೊತ್ತಿಗಾಗಲೇ ಮಗಳ ಎಕ್ಸೆಲ್ ಹಾಳೆ ತೀರ್ಪು ಕೊಟ್ಟಿತ್ತು. ಎರಡು ಕಿಲೋವಾಟ್‌ಗೆ ಹುಡುಗ ಹೇಳಿದ ದರದಲ್ಲಿ ಸಬ್ಸಿಡಿ 60,000 ಕಳೆದರೆ ಕೈಯಿಂದ ಬೀಳುವುದು 70,000. ಅದರಲ್ಲೂ ಸಬ್ಸಿಡಿ ಖಾತೆಗೆ ಬರುವುದು ಎಲ್ಲ ಕೂರಿಸಿ, ನೆಟ್ ಮೀಟರ್ ಹಾಕಿ, ಪರಿಶೀಲನೆ ಮುಗಿದ ಮೇಲೆ. ಅಲ್ಲಿಯವರೆಗೆ ದುಡ್ಡು ನಮ್ಮದೇ ಅಥವಾ ಬ್ಯಾಂಕಿನದು. ಮೂರು ಕಿಲೋವಾಟ್ ತನಕ ಅಡಮಾನವಿಲ್ಲದೆ ಕಮ್ಮಿ ಬಡ್ಡಿಗೆ ಸಾಲವೂ ಇದೆ, ಸರಿ. ಆದರೆ ನನಗೆ ಉಳಿಯುವುದೆಷ್ಟು? ತಿಂಗಳಿಗೆ ಇನ್ನೂರು ರೂಪಾಯಿ. ಎಪ್ಪತ್ತು ಸಾವಿರವನ್ನು ಇನ್ನೂರರಿಂದ ಭಾಗಿಸಿದರೆ 350 ತಿಂಗಳು, ಅಂದರೆ 29 ವರ್ಷ. ಪ್ಯಾನೆಲ್ಲಿಗೆ ವಾರಂಟಿ 25 ವರ್ಷ. ನನಗೆ ಅದೂ ಇಲ್ಲ. ಮಿಕ್ಕ ಯೂನಿಟ್ಟನ್ನು ನಿಗಮ ಕೊಳ್ಳುತ್ತದೆ, ಆದರೆ ನಮಗೆ ಮಾರುವ ಬೆಲೆಗಲ್ಲ. ಆ ಕಾಸನ್ನು ಸೇರಿಸಿದರೂ ಹದಿನಾಲ್ಕು ಹದಿನೈದು ವರ್ಷ ಬೇಕು. ಒಂದು ಸರ್ಕಾರ ಕರೆಂಟನ್ನು ಪುಕ್ಕಟೆ ಕೊಟ್ಟರೆ, ಇನ್ನೊಂದು ಸರ್ಕಾರ ಕರೆಂಟ್ ಬೆಳೆಯಲು ಕೊಡುವ ಸಬ್ಸಿಡಿ ಯಾರಿಗೆ ಬೇಕು? ಇದು ಪರೀಕ್ಷೆಗೆ ಐದು ಅಂಕದ ಒಳ್ಳೇ ಪ್ರಶ್ನೆ.

ಯಾರಿಗೆ ಬೇಕು ಅನ್ನುವುದಕ್ಕೆ ಉತ್ತರ ಎದುರು ಮನೆಯಲ್ಲೇ ಸಿಕ್ಕಿತು. ಅವರು ಬೇಸಿಗೆಗೆ ಎಸಿ ಹಾಕಿಸಿದರು. ಬಳಕೆ 200 ದಾಟಿತು, ಪೂರ್ತಿ ಬಿಲ್ಲು ಬಂತು. ನಾನು ಎರಡು ದಿನ ಬಹಳ ಲವಲವಿಕೆಯಿಂದ ಓಡಾಡಿದೆ. ಮೂರನೇ ದಿನ ಅದೇ ಟೇಪಿನ ಹುಡುಗ ಅವರ ಮಾಳಿಗೆ ಹತ್ತಿದ. ದೊಡ್ಡ ಬಿಲ್ಲು ಕಟ್ಟುವವರಿಗೆ ಸೋಲಾರ್ ನಾಲ್ಕೈದು ವರ್ಷದಲ್ಲಿ ಅಸಲು ವಾಪಸ್ಸು ಕೊಡುತ್ತದಂತೆ. ಅವರ ಮಾಳಿಗೆಯಲ್ಲಿ ಯಾರೂ ಸಂಡಿಗೆ ಇಡುವುದಿಲ್ಲ. ಮೂರು ಕಿಲೋವಾಟ್ ಕೂತಿತು.

ಉಳಿಸಿದವನಿಗೆ 97 ಯೂನಿಟ್, ಉರಿಸಿದವನಿಗೆ 198, ಅದನ್ನೂ ಮೀರಿ ಉರಿಸಿದವನಿಗೆ 78,000 ರೂಪಾಯಿ. ಈ ಸೂತ್ರವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಂಡಿಸಿದೆ. ಕನ್ನಡ ಮೇಷ್ಟ್ರು ಟೀ ಕುಡಿಯುತ್ತಾ, "ಹಾಗಾದರೆ ನೀವೂ ಒಂದು ಎಸಿ ತಗೊಳ್ಳಿ ಸಾರ್, ತ್ಯಾಗ ಮಾಡಿ," ಅಂದರು. ವಾಣಿಜ್ಯದವರು ಕಂತಿನ ಲೆಕ್ಕವನ್ನೂ ಹೇಳಿದರು.

ದೊಡ್ಡ ಯೋಜನೆ ಮುರಿದು ಬಿದ್ದ ಮೇಲೆ ಮನೆಯಲ್ಲಿ ಸಣ್ಣ ಯೋಜನೆ ತಯಾರಾಯಿತು, ನನ್ನನ್ನು ಕೇಳದೆ. ಪಟ್ಟಿ ಬರೆದವಳು ಮಗಳು: ಫ್ರಿಜ್ಜಿಗೆ ಹೊಸ ರಬ್ಬರ್, ಅದನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯುವುದು, ಮೋಟರಿಗೆ ಕಂಟ್ರೋಲರ್, ಗೀಸರಿನ ಉಷ್ಣತೆ 60ರಿಂದ 50ಕ್ಕೆ, ರಾತ್ರಿ ಸೆಟ್‌ಟಾಪ್ ಬಾಕ್ಸು ಗೋಡೆ ಸ್ವಿಚ್ಚಿನಲ್ಲೇ ಬಂದ್, ಮತ್ತು ಎರಡು ಬಿಎಲ್‌ಡಿಸಿ ಫ್ಯಾನು. ಹಳೇ ಫ್ಯಾನು 75 ವಾಟ್, ಹೊಸದು 30ರ ಆಸುಪಾಸು. ದಿನಕ್ಕೆ ಹದಿನೈದು ಗಂಟೆ ತಿರುಗುವ ಫ್ಯಾನಿನಲ್ಲಿ ತಿಂಗಳಿಗೆ ಇಪ್ಪತ್ತು ಯೂನಿಟ್ ಉಳಿತಾಯ. ಎರಡರಿಂದ ನಲವತ್ತು. ನಾನು ಲೈಟು ಆರಿಸಿ ಇಡೀ ಜನ್ಮದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ಅಂತ ಮಗಳು ಸೇರಿಸಿದಳು. ಪಟ್ಟಿಗೆ ಅದು ಅಗತ್ಯವಿರಲಿಲ್ಲ.

ಒಂದು ಫ್ಯಾನಿಗೆ ಮೂರು ಸಾವಿರ. ಎಲ್ಲ ಸೇರಿ ಒಂಬತ್ತು ಸಾವಿರದ ಮೇಲೆ. ತಿಂಗಳ ಕೊನೆ. ನಾನು ಸರ್ಕಾರಿ ನೆರವು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದೆ.

"ಇದೆ," ಅಂದರು ಅಮ್ಮ. ಒಳಗೆ ಹೋಗಿ, ಬೀರುವಿನ ಕೆಳಖಾನೆಯಲ್ಲಿ ರೇಷ್ಮೆ ಸೀರೆಗಳ ಅಡಿಯಿಂದ ಹಾರ್ಲಿಕ್ಸ್ ಡಬ್ಬಿ ತಂದರು. ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ಕೊಡುವ ಗೃಹಲಕ್ಷ್ಮಿಯ ತಿಂಗಳ ಎರಡೆರಡು ಸಾವಿರ, ಬಂದಷ್ಟೂ ಅದರಲ್ಲಿತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಮ್ಮ. ನಾನು ತೆರಿಗೆ ಕಟ್ಟುವವನಾದ್ದರಿಂದ ನನ್ನ ಹೆಂಡತಿ ಯಜಮಾನಿಯಾಗಿದ್ದರೆ ಅದೂ ಬರುತ್ತಿರಲಿಲ್ಲ.

ದುಡ್ಡು ಎಣಿಸಿಕೊಡುವ ಮೊದಲು ಅಮ್ಮ ಷರತ್ತು ಹಾಕಿದರು. ಯಾವ ಬ್ಯಾಂಕಿನ ಮ್ಯಾನೇಜರೂ ಅಷ್ಟು ನಿಧಾನವಾಗಿ ಓದಿ ಹೇಳುವುದಿಲ್ಲ. ಮೊದಲ ಫ್ಯಾನು ಅಮ್ಮನ ಕೋಣೆಗೆ. ದೇವರಮನೆ ದೀಪಕ್ಕೆ ಯಾರೂ ಕೈ ಹಾಕಕೂಡದು. ಎಲ್‌ಇಡಿ ಹಾಕುವುದಾದರೆ ಅದೇ ಕೆಂಪು ಬಣ್ಣದ್ದು, ಒಳ್ಳೇ ದಿನ ನೋಡಿ. ಮಾಳಿಗೆಯ ದಕ್ಷಿಣದ ಮೂಲೆ ಖಾಯಮ್ಮಾಗಿ ಸಂಡಿಗೆಗೆ. ಬಡ್ಡಿ ಬೇಡ, ಅಸಲೂ ಬೇಡ. ರಿಮೋಟು ಮಾತ್ರ ಅಮ್ಮನ ಹತ್ತಿರ ಇರಬೇಕು.

ಆ ಕೊನೆಯ ಷರತ್ತಿನ ತೂಕ ನನಗೆ ಅವತ್ತು ಗೊತ್ತಾಗಲಿಲ್ಲ. ಹಳೇ ಫ್ಯಾನಿಗೆ ಗೋಡೆಯ ಮೇಲೆ ರೆಗ್ಯುಲೇಟರ್ ಇತ್ತು, ಯಾರು ಬೇಕಾದರೂ ತಿರುಗಿಸಬಹುದಿತ್ತು, ಆ ಯಾರು ಬೇಕಾದರೂ ಎಂಬುದು ಹೆಚ್ಚಾಗಿ ನಾನೇ ಆಗಿದ್ದೆ. ಈ ಫ್ಯಾನು ರಿಮೋಟಿನ ಮಾತು ಮಾತ್ರ ಕೇಳುತ್ತದೆ. ಅಮ್ಮನ ಕೋಣೆಯದೂ ಹಾಲಿನದೂ ಒಂದೇ ಕಂಪನಿಯ ಫ್ಯಾನುಗಳಾದ್ದರಿಂದ ಒಂದೇ ರಿಮೋಟಿಗೆ ಎರಡೂ ಓಗೊಡುತ್ತವೆ. ಅಮ್ಮ ಎರಡು ರಿಮೋಟನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಮೊದಲು ಅಮ್ಮ ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ಫ್ಯಾನು ಹಾಕಿಕೊಳ್ಳುವುದಕ್ಕೂ ನನ್ನ ಮುಖ ನೋಡುತ್ತಿದ್ದರು. ಈಗ ಬೆಳಗ್ಗೆ ಎದ್ದಾಗ ಶುರುವಾದರೆ ಮಾರನೇ ಬೆಳಗ್ಗೆವರೆಗೆ ತಿರುಗುತ್ತದೆ. "ಇದು ಕರೆಂಟ್ ಕುಡಿಯಲ್ಲವಂತೆ ಕಣೋ, ನಿನ್ನ ಮಗಳೇ ಹೇಳಿದಳು." ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ಕಲ್ಲಿದ್ದಲನ್ನು ಮಿತವಾಗಿ ತಿನ್ನುವ ಯಂತ್ರ ಬಂದಷ್ಟೂ ಜನ ಹೆಚ್ಚು ಯಂತ್ರ ಓಡಿಸಿ ಹೆಚ್ಚು ಕಲ್ಲಿದ್ದಲು ಸುಡುತ್ತಾರೆ ಎಂದು. ವರ್ಷಾ ವರ್ಷಾ ತರಗತಿಯಲ್ಲಿ ಅವನ ಹೆಸರು ಹೇಳಿದವನು ನಾನು. ಅಮ್ಮನಿಗೆ ಜೆವನ್ಸ್ ವಿವರಿಸಿದೆ. ಅಮ್ಮ ವೇಗವನ್ನು ಮೂರರಿಂದ ನಾಲ್ಕಕ್ಕೆ ಏರಿಸಿ, "ಪಾಪ, ಅವರ ದೇಶದಲ್ಲಿ ಸೆಕೆ ಇರಲಿಲ್ಲ," ಅಂದರು.

ಆದರೂ ಬಿಲ್ಲು ಇಳಿದಿದೆ. ಟ್ಯಾಂಕು ತುಂಬಿದ ಕೂಡಲೇ ಮೋಟರ್ ತಾನೇ ನಿಲ್ಲುತ್ತದೆ, ಪಕ್ಕದ ಮನೆಯವರಿಗೆ ಬೆಳಗ್ಗೆ ಮಾತಾಡಲು ವಿಷಯವಿಲ್ಲ. ಮಾವನವರ ಫ್ರಿಜ್ಜು ಹೊಸ ರಬ್ಬರ್ ಹಾಕಿಸಿಕೊಂಡು ಹತ್ತರ ನೋಟನ್ನೂ ಬಿಡದೆ ಹಿಡಿಯುತ್ತಿದೆ. ನಮ್ಮ ಮನೆತನದ ಗುಣ ಬಂತು ಅಂತ ಹೆಂಡತಿ ಹೇಳುತ್ತಾಳೆ. ನನ್ನ ಲೈಟ್ ತಪಾಸಣೆ ಮಾತ್ರ ನಿಂತಿಲ್ಲ. ಇಳಿದ ಯೂನಿಟ್ಟುಗಳಲ್ಲಿ ಅದರ ಪಾಲೆಷ್ಟು ಎಂದು ಯಾರೂ ಪ್ರತ್ಯೇಕವಾಗಿ ಅಳೆದಿಲ್ಲವಾದ್ದರಿಂದ, ಹೆಚ್ಚಿನದು ಅದರದ್ದೇ ಎಂದು ನಾನು ಬಂದವರಿಗೆಲ್ಲ ಹೇಳುತ್ತಿರುತ್ತೇನೆ.

ಮೊನ್ನೆ ಮಧ್ಯಾಹ್ನ ಹಾಲಿನಲ್ಲಿ ಕೂತು ಪೇಪರ್ ಓದುತ್ತಾ ಇದನ್ನೇ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರಿಗೆ ವಿವರಿಸಿ ಕಳಿಸಿ, ಗೇಟು ಹಾಕಿ ಬಂದು ಕೂತಿದ್ದೆ. ತಲೆಯ ಮೇಲೆ ಫ್ಯಾನು ನಿಧಾನವಾಗಿ ಸುಸ್ತಾಗಿ ನಿಂತಿತು. ಕರೆಂಟ್ ಹೋಯಿತೆಂದುಕೊಂಡೆ. ಒಳಗೆ ಮಿಕ್ಸಿ ಸದ್ದು ಮಾಡುತ್ತಿತ್ತು. ತಿರುಗಿ ನೋಡಿದರೆ ಅಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಮಂಚದ ಮೇಲಿಂದ ರಿಮೋಟು ಹಿಡಿದ ಕೈ ಹಾಲಿನ ಕಡೆ ಚಾಚಿದೆ.

"ಅಮ್ಮಾ, ನಾನಿಲ್ಲೇ ಕೂತಿದ್ದೀನಿ!"

"ಕಾಣುತ್ತೆ ಕಣೋ. ಬಿಲ್ಲು ನನ್ನ ಹೆಸರಿಗೆ ಬರುತ್ತೆ."